ಒಂದು ರಾತ್ರಿ ಯಾಕೆ ಉಳಿಯಬೇಕು? ಬಾದಾಮಿ ಪ್ರವಾಸಕ್ಕೆ ಒಂಬತ್ತನೇ ತರಗತಿಯನ್ನು ಸಜ್ಜು ಮಾಡಿದ ಪ್ರಕರಣ

ಒಪ್ಪಿಗೆ ಪತ್ರಗಳು ವಾಪಸ್ ಬಂದಾಗ ತೊಡಕು ಎಲ್ಲಿದೆ ಅಂತ ಗೊತ್ತಾಯಿತು. ಹುಡುಗರ ಪತ್ರಗಳೆಲ್ಲ ಸಹಿಯಾಗಿ ಬಂದಿದ್ದವು. ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಪತ್ರ ಬರಲೇ ಇಲ್ಲ. ಬಂದ ಕೆಲವದರಲ್ಲೂ ಸಹಿಯ ಕೆಳಗೆ ಒಂದು ಸಾಲು ಇತ್ತು: ರಾತ್ರಿ ಉಳಿಯುವುದಾದರೆ ಕಳಿಸುವುದಿಲ್ಲ.

ನಮ್ಮದು ಸರ್ಕಾರಿ ಪ್ರೌಢಶಾಲೆ. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಐಹೊಳೆ, ಪಟ್ಟದಕಲ್ಲು ನೋಡಿ, ರಾತ್ರಿ ಬಾದಾಮಿಯಲ್ಲಿ ಉಳಿದು, ಮರುದಿನ ಬಾದಾಮಿ ನೋಡಿ ಬರುವುದು ಎಂದು ಯೋಚಿಸಿದ್ದೆವು. ನಮ್ಮ ಊರಿನಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಸುಮಾರು 13. ಲೆಕ್ಕ ಹಾಕಿದರೆ ಬೆಳಗಿನ ಜಾವ ಹೊರಟು ಮೂರೂ ಊರು ಮುಟ್ಟಿ ನಡುರಾತ್ರಿಯೊಳಗೆ ಮನೆ ಸೇರಬಹುದು. ಎಷ್ಟೋ ಶಾಲೆಗಳು ಹಾಗೇ ಮಾಡುತ್ತವೆ. ಆದ್ದರಿಂದ ಒಬ್ಬ ತಾಯಿ ಶಾಲೆಗೇ ಬಂದು ಕೇಳಿದ್ದು ನ್ಯಾಯವಾಗಿಯೇ ಇತ್ತು: "ಮೇಡಂ, ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಿ. ಅಲ್ಲಿ ಯಾಕೆ ಮಲಗಬೇಕು?"

ಈ ಪ್ರಶ್ನೆಗೆ "ನಾವಿದ್ದೇವೆ, ಹೆದರಬೇಡಿ" ಅನ್ನುವುದು ಉತ್ತರ ಅಲ್ಲ. ಅವರು ಕೇಳಿದ್ದು ಯಾಕೆ ಅಂತ, ನಾವು ಹೇಳುವುದು ಹೇಗೆ ಅಂತ. ರಾತ್ರಿ ಉಳಿಯುವುದರಿಂದ ಕಲಿಕೆಗೆ ಏನಾದರೂ ಸಿಗುತ್ತದೆ ಎಂದು ತೋರಿಸಲಾಗದಿದ್ದರೆ ಆ ತಾಯಿ ಹೇಳಿದ್ದೇ ಸರಿ. ಹಾಗಾಗಿ ಮೊದಲು ಬಸ್ಸು, ಊಟ, ರೂಮು ಎಲ್ಲ ಬದಿಗಿಟ್ಟು, ಎರಡನೇ ದಿನ ಯಾಕೆ ಬೇಕು ಅನ್ನುವುದರಿಂದ ತಯಾರಿ ಶುರು ಮಾಡಿದೆವು.

ನಮಗೆ ಸಿಕ್ಕಿದ ಉತ್ತರ ಆ ಊರುಗಳ ಶಾಸನಗಳಲ್ಲೇ ಇತ್ತು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634-35. ಬಾದಾಮಿಯ ಚಾಲುಕ್ಯ ರಾಜ ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ತಡೆದದ್ದು, ಪಲ್ಲವರನ್ನು ಅವರ ರಾಜಧಾನಿ ಕಂಚಿಯ ಕೋಟೆಯೊಳಗೆ ಅಟ್ಟಿದ್ದು, ಎಲ್ಲವೂ ಗೆಲುವಿನ ಮಾತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಸುಮಾರು 740ರದು. ಅದೇ ವಂಶದ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅದೂ ಗೆಲುವಿನ ಮಾತೇ. ಇವೆರಡರ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಆ ನಡುವೆ ಏನಾಯಿತು? 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಗೆದ್ದುಕೊಂಡ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ, ತುಂಬಾ ಸವೆದಿದೆ ಅಷ್ಟೇ.

ಅಂದರೆ ಮೊದಲ ದಿನ ಮಕ್ಕಳು ಎರಡು ಗೆಲುವುಗಳನ್ನು ನೋಡುತ್ತಾರೆ. ನಡುವಿನ ಸೋಲು ಎರಡನೇ ದಿನದ ಊರಿನಲ್ಲಿದೆ. ರಾತ್ರಿ ಕೂತು "ಕಂಚಿಯನ್ನು ಮತ್ತೆ ಮತ್ತೆ ಗೆಲ್ಲುವ ಹಟ ಯಾಕೆ ಬಂತು?" ಎಂದು ತಲೆ ಕೆಡಿಸಿಕೊಂಡು, ಬೆಳಿಗ್ಗೆ ಹೋಗಿ ಹುಡುಕಲಿ. ಇದನ್ನು ಓಡುವ ಬಸ್ಸಿನಲ್ಲಿ ಮಾಡಲಾಗದು. ದಣಿದ ಮಕ್ಕಳು ನಿದ್ದೆ ಮಾಡುತ್ತಾರೆ, ಇಲ್ಲವೇ ಹಾಡುತ್ತಾರೆ. ಯೋಚನೆ ಮಾಡಲು ಒಂದು ಕಡೆ ಕೂರಬೇಕು, ಮಲಗಬೇಕು, ಎದ್ದು ಮತ್ತೆ ನೋಡಬೇಕು.

ಪಾಠದಲ್ಲಿ ನರಸಿಂಹವರ್ಮನ ಹೆಸರು ಬರುತ್ತದಲ್ಲ, ಹಾಗಾದರೆ ಹುಡುಕುವುದೇನು ಎಂದು ನಮ್ಮ ಕನ್ನಡ ಮೇಷ್ಟ್ರು ಕೇಳಿದರು. ಒಳ್ಳೆಯ ಆಕ್ಷೇಪಣೆ. ಅದಕ್ಕೇ ತರಗತಿಯ ತಯಾರಿಯ ದಿಕ್ಕು ಬದಲಾಯಿತು. ಏನಾಯಿತು ಎಂದು ಕೇಳುವುದರ ಬದಲು, ಆಯಿತು ಎಂದು ನಮಗೆ ಹೇಗೆ ಗೊತ್ತು ಎಂದು ಕೇಳಲು ಮಕ್ಕಳನ್ನು ಒಗ್ಗಿಸಬೇಕಿತ್ತು.

ಶಾಲೆಯ ಕಲ್ಲಿನಿಂದ ಶುರು

ಹೆಚ್ಚಿನ ಶಾಲೆಗಳಲ್ಲಿ ಪ್ರವಾಸದ ಮೊದಲು ಮಕ್ಕಳಿಗೆ ಸ್ಥಳಪುರಾಣ ಓದಿ ಹೇಳುತ್ತಾರೆ. ರಾಜರ ಪಟ್ಟಿ, ಇಸವಿಗಳು, ಶೈಲಿಗಳ ಹೆಸರು. ಮಕ್ಕಳು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಹೋದಾಗ ಬರೆದುಕೊಂಡದ್ದನ್ನೇ ಗೈಡ್ ಮತ್ತೆ ಹೇಳುತ್ತಾನೆ. ನೋಡಲು ಏನೂ ಉಳಿದಿರುವುದಿಲ್ಲ. ಉತ್ತರ ಮೊದಲೇ ತುಂಬಿ ಕಳಿಸಿದರೆ ಕಣ್ಣು ಕೆಲಸ ಮಾಡುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ನಾವು ಮಕ್ಕಳನ್ನು ಶಾಲೆಯ ವರಾಂಡಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಹೊಸ ಕೊಠಡಿಗಳ ಉದ್ಘಾಟನೆಯ ಕಲ್ಲು ಇದೆ. ದಿನಾ ಅದರ ಮುಂದೆ ಓಡಾಡುತ್ತಾರೆ, ಯಾರೂ ಓದಿರಲಿಲ್ಲ. ಈ ಕಲ್ಲೊಂದೇ ಉಳಿದು ಊರೆಲ್ಲ ಮಣ್ಣಾಗಿದೆ ಅಂದುಕೊಳ್ಳಿ, ಸಾವಿರ ವರ್ಷದ ನಂತರ ಓದುವವರಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳಿದೆ.

ಮೊದಲು ತಾರೀಖು, ಮಂತ್ರಿಗಳು, ಶಾಸಕರು, ಅಧ್ಯಕ್ಷತೆ ವಹಿಸಿದವರು ಅಂತ ಪಟ್ಟಿ ಬಂತು. ಆಮೇಲೆ ಒಬ್ಬ ಹುಡುಗಿ, "ಟೀಚರ್, ಕಟ್ಟಿದವರ ಹೆಸರೇ ಇಲ್ಲ" ಎಂದಳು. ಅವಳ ಅಪ್ಪ ಗಾರೆ ಕೆಲಸದವರು. ಇನ್ನೊಬ್ಬ, ಎರಡು ಕೊಠಡಿ ಅಂತ ಬರೆದಿದೆ, ಒಂದು ಸೋರುತ್ತದೆ ಅಂತ ಬರೆದಿಲ್ಲ ಎಂದ. ಮತ್ತೊಬ್ಬಳು, ಮೊದಲು ಇಲ್ಲಿ ಏನಿತ್ತು ಅಂತಲೂ ಇಲ್ಲ ಎಂದಳು. ಶಾಸನ ಅಂದರೆ ಏನು ಎಂದು ನಾನು ಒಂದು ಪೀರಿಯಡ್ ಪೂರ್ತಿ ಹೇಳಿದ್ದರೂ ಇಷ್ಟು ಬರುತ್ತಿರಲಿಲ್ಲ. ಬರೆಸಿದವರಿಗೆ ಬೇಕಾದದ್ದು ಕಲ್ಲಿನ ಮೇಲೆ ಇರುತ್ತದೆ, ಉಳಿದದ್ದನ್ನು ಬೇರೆ ಕಡೆ ಹುಡುಕಬೇಕು ಎಂದು ಅವರೇ ಕಂಡುಕೊಂಡರು. ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ ಎಂದು ಆಮೇಲೆ ಹೇಳಿದಾಗ, ಅವನ ಕಲ್ಲನ್ನು ಹೇಗೆ ಓದಬೇಕೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಅದೇ ಕಲ್ಲಿನ ಮೇಲೆ ಟಾರ್ಚ್ ಹಿಡಿಯುವುದನ್ನೂ ಕಲಿಸಿದೆವು. ಬೆಳಕನ್ನು ನೇರವಾಗಿ ಬಿಟ್ಟರೆ ಸವೆದ ಅಕ್ಷರ ಕಾಣುವುದಿಲ್ಲ. ಪಕ್ಕದಿಂದ, ಕಲ್ಲಿಗೆ ತಾಗಿದ ಹಾಗೆ ಓರೆಯಾಗಿ ಹಿಡಿದರೆ ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಮಕ್ಕಳಿಗೆ ಇದು ಮ್ಯಾಜಿಕ್ ಥರ ಕಂಡಿತು. ಇದನ್ನು ಕಲಿಸಲು ಇನ್ನೊಂದು ಕಾರಣವೂ ಇತ್ತು. ಅಕ್ಷರ ಓದಲು ಸೀಮೆಸುಣ್ಣ, ಹಿಟ್ಟು ಉಜ್ಜುವ ಅಭ್ಯಾಸ ಕೆಲವರಿಗಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅದು ಬೇಡವೇ ಬೇಡ. ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ, 2010ರ ತಿದ್ದುಪಡಿಯ ನಂತರ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮುಟ್ಟಬೇಡಿ ಎಂದು ಗದರಿಸುವುದಕ್ಕಿಂತ ಮುಟ್ಟದೆ ಓದುವುದನ್ನು ಕಲಿಸುವುದು ಒಳ್ಳೆಯದು, ಅಲ್ವಾ?

ಗಣಿತದ ಮೇಡಂ ಒಂದು ಪೀರಿಯಡ್ ಬಿಟ್ಟುಕೊಟ್ಟರು, ಆಮೇಲೆ ಅವರೇ ಪಾಠ ಮಾಡಿದರು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ. ಶಕ ವರ್ಷ ಯುಗಾದಿಯ ಹೊತ್ತಿಗೆ ಶುರುವಾಗುವುದರಿಂದ ಕೊನೆಯ ಎರಡು ಮೂರು ತಿಂಗಳು ಮುಂದಿನ ಇಸವಿಗೆ ಹೋಗುತ್ತವೆ. ಅದಕ್ಕೇ 634-35 ಎಂದು ಬರೆಯುವುದು. ಮೇಗುತಿ ಶಾಸನದಲ್ಲಿ ಇನ್ನೊಂದು ಲೆಕ್ಕವೂ ಇದೆ: ಮಹಾಭಾರತ ಯುದ್ಧ ಆಗಿ 3735 ವರ್ಷ ಎನ್ನುತ್ತದೆ. ಹಿಂದಕ್ಕೆ ಎಣಿಸಿ ಎಂದು ಮಕ್ಕಳಿಗೆ ಬಿಟ್ಟರೆ ಕೆಲವರಿಗೆ ಕ್ರಿ.ಪೂ. 3101 ಬಂತು, ಕೆಲವರಿಗೆ 3102. ಎಣಿಕೆಯಲ್ಲಿ ಸೊನ್ನೆ ಎಂಬ ವರ್ಷವೇ ಇಲ್ಲ ಎಂದು ಗೊತ್ತಾದ ಮೇಲೆ 3102ಕ್ಕೆ ನಿಂತರು. ಕಲಿಯುಗ ಶುರುವಾದದ್ದು ಎಂದು ಪಂಚಾಂಗದವರು ಹೇಳುವ ವರ್ಷ ಅದೇ.

ಕನ್ನಡ ಮೇಷ್ಟ್ರು ತ್ರಿಪದಿ ಹಿಡಿದುಕೊಂಡರು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಶುರುವಾಗುವ ಪದ್ಯ. ಕನ್ನಡದ ತ್ರಿಪದಿಗೆ ನಮಗೆ ಸಿಕ್ಕಿರುವ ತುಂಬಾ ಹಳೆಯ ಉದಾಹರಣೆ ಅದು. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಯಾರೂ ಒತ್ತಾಯ ಮಾಡಲಿಲ್ಲ. ಹೇಳುತ್ತಾ ಹೋದರೆ ನಾಲಿಗೆಗೆ ಹತ್ತಿಬಿಡುವ ಪದ್ಯ.

ಕೊನೆಗೆ ಮಕ್ಕಳನ್ನು ಗುಂಪು ಮಾಡಿ ಪ್ರತಿ ಗುಂಪಿಗೆ ಒಂದೇ ಪ್ರಶ್ನೆ ಕೊಟ್ಟೆವು. ಬಾದಾಮಿಯ ನಾಲ್ಕು ಗುಹೆಗಳಲ್ಲಿ ಯಾವುದು ಹಳೆಯದು? ಗುಡಿ ಕಟ್ಟಿದ ಕೈಗಳ ಹೆಸರು ಎಲ್ಲಾದರೂ ಸಿಗುತ್ತದೆಯೇ? ಪಟ್ಟದಕಲ್ಲಿನಲ್ಲಿ ಎರಡು ಬಗೆಯ ಶಿಖರದ ಗುಡಿಗಳು ಅಕ್ಕಪಕ್ಕದಲ್ಲೇ ಯಾಕಿವೆ? ಕಂಚಿಯ ಮೇಲಿನ ಹಟ ಎಲ್ಲಿಂದ ಬಂತು? ಒಂದೇ ಪ್ರಶ್ನೆ ಅಂದರೆ ಒಂದೇ. ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರೆ ಮಕ್ಕಳು ಫಲಕ ನೋಡಿ ತುಂಬಿಸಿ, ತಲೆ ಎತ್ತದೆ ಬಸ್ಸು ಹತ್ತುತ್ತಾರೆ.

ಪೋಷಕರ ಸಭೆ

ಈ ಕೆಲಸ ಅರ್ಧ ಆದ ಮೇಲೆ ಪೋಷಕರನ್ನು ಕರೆದೆವು. ಸಂಜೆ ಕರೆದೆವು, ಯಾಕೆಂದರೆ ಹಗಲಲ್ಲಿ ಕರೆದರೆ ಕೂಲಿ ತಪ್ಪುತ್ತದೆ. ಮೊದಲು ನಾನು ಮಾತಾಡಲಿಲ್ಲ, ಮಕ್ಕಳು ಮಾತಾಡಿದರು. ಗಾರೆ ಕೆಲಸದವರ ಮಗಳು ವರಾಂಡದ ಕಲ್ಲಿನ ಕತೆ ಹೇಳಿದಳು. ಎರಡು ದಿನ ಯಾಕೆ ಎಂದು ಇನ್ನೊಬ್ಬಳು ಬೋರ್ಡಿನ ಮೇಲೆ 634, 642, 740 ಬರೆದು ವಿವರಿಸಿದಳು. ಮೊದಲ ದಿನ ಎರಡು ಕಡೆ ಗೆದ್ದದ್ದು ಮಾತ್ರ ಗೊತ್ತಾಗುತ್ತೆ, ಸೋತದ್ದು ಗೊತ್ತಾಗಬೇಕಾದರೆ ಬಾದಾಮಿಗೆ ಬೇಕು ಎಂದಳು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು, "ಹಂಗಾರೆ ಉಳೀಲೇಬೇಕು ಬಿಡಿ" ಎಂದರು.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಯಾಕೆ ಎಂಬುದು ಒಪ್ಪಿಗೆಯಾದ ಮೇಲೆಯೇ ಹೇಗೆ ಎಂಬುದು ಬಂದದ್ದು, ಅದು ಬರಬೇಕಾದ ಕ್ರಮವೂ ಅದೇ. ಎಲ್ಲಿ ಮಲಗುತ್ತಾರೆ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಶೌಚಾಲಯ ಎಷ್ಟು ದೂರ, ಲಾಡ್ಜಿನಲ್ಲಿ ಬೇರೆ ಜನ ಇರುತ್ತಾರೆಯೇ, ಹುಡುಗರ ರೂಮು ಎಲ್ಲಿ. ಒಂದೊಂದೂ ಸರಿಯಾದ ಪ್ರಶ್ನೆ. ನಮ್ಮ ಪಿಟಿ ಮೇಷ್ಟ್ರು ಮತ್ತು ನಾನು ಮೊದಲೇ ಹೋಗಿ ನೋಡಿ ಬಂದಿದ್ದೆವು, ರೂಮು, ಮೆಟ್ಟಿಲು, ಬಚ್ಚಲುಮನೆಯ ಫೋಟೊ ತೆಗೆದಿದ್ದೆವು. ಹುಡುಗಿಯರಿಗೆ ಪೂರ್ತಿ ಒಂದು ಮಹಡಿ. ಅದೇ ಮಹಡಿಯಲ್ಲಿ ಇಬ್ಬರು ಶಿಕ್ಷಕಿಯರು. ಜೊತೆಗೆ ಬರಲು ತಾಯಂದಿರಲ್ಲಿ ಇಬ್ಬರನ್ನು ಪೋಷಕರೇ ಆರಿಸಿದರು. ನಾವು ಆರಿಸಿದ್ದರೆ ಅಷ್ಟು ನಂಬಿಕೆ ಬರುತ್ತಿರಲಿಲ್ಲ. ಮಕ್ಕಳು ಸಂಜೆ ಮನೆಗೆ ಫೋನ್ ಮಾಡುವ ಹೊತ್ತು ಗೊತ್ತು ಮಾಡಿದೆವು.

ಆರೋಗ್ಯದ ಮಾತನ್ನು ಸಭೆಯಲ್ಲಿ ಎತ್ತಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ ಕೇಳಿದೆವು. ಉಬ್ಬಸಕ್ಕೆ ಇನ್‌ಹೇಲರ್ ಬಳಸುವವರು, ಮೂರ್ಛೆಗೆ ದಿನಾ ಮಾತ್ರೆ ತಗೊಳ್ಳುವವರು, ಬಸ್ಸಿನಲ್ಲಿ ವಾಂತಿ ಮಾಡುವವರು, ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವವರು. ಕೊನೆಯದನ್ನು ಒಬ್ಬ ತಾಯಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಹುಡುಗ ಅದಕ್ಕೇ ಹೊಟ್ಟೆನೋವು ಅಂತ ನೆಪ ಹೇಳಿ ಪ್ರವಾಸ ತಪ್ಪಿಸಿಕೊಳ್ಳಲು ನೋಡುತ್ತಿದ್ದನಂತೆ. ಅವನಿಗೆ ಬಾಗಿಲ ಪಕ್ಕದ ಹಾಸಿಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ, ರಾತ್ರಿ ನಡುವೆ ಒಮ್ಮೆ ಎಬ್ಬಿಸುವುದು ಪಿಟಿ ಮೇಷ್ಟ್ರ ಕೆಲಸ. ಬೇರೆ ಯಾರಿಗೂ ಹೇಳಲಿಲ್ಲ. ಇಂಥ ಒಂದು ಮಾತಿಗಾಗಿ ಮಕ್ಕಳು ಎಷ್ಟು ಪ್ರವಾಸ ಕಳೆದುಕೊಳ್ಳುತ್ತಾರೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಹುಡುಗಿಯರ ಜೊತೆ ಮುಟ್ಟಿನ ಬಗ್ಗೆ ಶಿಕ್ಷಕಿಯರೇ ಮಾತಾಡಿದೆವು. ಪ್ಯಾಡು ಯಾರ ಬ್ಯಾಗಿನಲ್ಲಿದೆ, ಕೇಳದೆಯೇ ಹೇಗೆ ತಗೊಳ್ಳಬಹುದು, ಬದಲಾಯಿಸಲು ಎಲ್ಲಿ ನಿಲ್ಲಿಸುತ್ತೇವೆ ಎಂದು ಮೊದಲೇ ಗೊತ್ತಿದ್ದರೆ ಆ ಹುಡುಗಿ ದಿನವಿಡೀ ಗುಡಿ ನೋಡುತ್ತಾಳೆ, ಇಲ್ಲದಿದ್ದರೆ ಚಿಂತೆಯಲ್ಲೇ ಇರುತ್ತಾಳೆ.

ಹಣ ಕಟ್ಟಲಾಗದ ಮನೆಗಳದ್ದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ನೋಡಿಕೊಂಡರು. ಯಾರದ್ದು ಎಂದು ತರಗತಿಗೆ ತಿಳಿಯಲಿಲ್ಲ. ಇಲಾಖೆಯ ಅನುಮತಿ, ಸಾರಿಗೆ ಸಂಸ್ಥೆಯ ಬಸ್ಸು ಇವೆಲ್ಲ ಎಲ್ಲರಿಗೂ ಗೊತ್ತಿರುವ ಕೆಲಸ. ಎರಡು ಸಂಗತಿ ಮಾತ್ರ ಹೇಳುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ, ಹಾಗಾಗಿ ವಯಸ್ಸಿನ ಸಮೇತ ಪಟ್ಟಿಗೆ ಹೆಡ್ ಮಾಸ್ಟರ್ ಸಹಿ ಹಾಕಿಸಿಕೊಂಡು ಹೋಗಿ. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅಲ್ಲಿ ಶುಕ್ರವಾರ ಬೀಳದಂತೆ ದಿನ ಗೊತ್ತು ಮಾಡಿ. ಇನ್ನು ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ನೀರಿಗೆ ಯಾರೂ ಇಳಿಯಬಾರದು ಎಂಬ ನಿಯಮ ನಮ್ಮಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾಗಿತ್ತು. ಶಾಲಾ ಪ್ರವಾಸಗಳಲ್ಲಿ ನೀರು ದೊಡ್ಡ ಅಪಾಯ. ಮೆಟ್ಟಿಲ ಮೇಲೆ ಒಬ್ಬ ಶಿಕ್ಷಕರು ಬರೀ ಅದಕ್ಕೆಂದೇ ನಿಂತರು. ಕೋತಿಗಳ ವಿಷಯಕ್ಕೆ, ಗುಹೆ ಹತ್ತುವಾಗ ಕೈಯಲ್ಲಿ ತಿಂಡಿ ಇರಕೂಡದು, ಬ್ಯಾಗಿನ ಜಿಪ್ ಹಾಕಿರಬೇಕು, ಅಷ್ಟೇ.

ಆ ರಾತ್ರಿ ಮತ್ತು ಮರುದಿನ

ಮೊದಲ ದಿನದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮೇಗುತಿ ಗುಡ್ಡ ಹತ್ತಿ ಶಾಸನದ ಮುಂದೆ ನಿಂತಾಗ ಮಕ್ಕಳು ಟಾರ್ಚ್ ತೆಗೆದರು, ಯಾರೂ ಕೈ ಇಡಲಿಲ್ಲ. ಕಾಳಿದಾಸ, ಭಾರವಿಯರಷ್ಟು ಕೀರ್ತಿ ತನಗಿದೆ ಎಂದು ರವಿಕೀರ್ತಿ ಬರೆದುಕೊಂಡಿದ್ದಾನೆ ಎಂದಾಗ ನಕ್ಕರು. ಆ ಹೆಮ್ಮೆಯ ಸಾಲಿನಿಂದಲೇ ಕಾಳಿದಾಸ 634ಕ್ಕಿಂತ ಮೊದಲಿನವನು ಎಂದು ಖಚಿತವಾಗಿ ಹೇಳಬಹುದು ಎಂದಾಗ ನಗು ನಿಂತು ಬರೆದುಕೊಂಡರು. ಪಟ್ಟದಕಲ್ಲಿನಲ್ಲಿ ಕೈಗಳ ಹೆಸರು ಹುಡುಕುತ್ತಿದ್ದ ಗುಂಪಿಗೆ ಅದೃಷ್ಟ ಇತ್ತು. ವಿರೂಪಾಕ್ಷ ಗುಡಿಯ ಶಾಸನ ಗುಂಡ ಎಂಬ ಶಿಲ್ಪಿಯನ್ನು ಹೆಸರಿಸುತ್ತದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿದ್ದನ್ನು ಹೇಳುತ್ತದೆ. "ರಾಣಿ ಹೆಸರಿನ ಜೊತೆ ಇವನದ್ದೂ ಇದೆ" ಎಂದು ಗಾರೆಯವರ ಮಗಳು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಬೇಕು ಎಂದಳು. ಫೋನಿನ ಹೊತ್ತು ಅಲ್ಲದಿದ್ದರೂ ನನ್ನ ಫೋನ್ ಕೊಟ್ಟೆ.

ರಾತ್ರಿ ಊಟದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಕೂತೆವು. ಪ್ರತಿ ಗುಂಪೂ ಇವತ್ತು ಏನು ಅನ್ನಿಸಿತು, ನಾಳೆ ಏನು ನೋಡಿದರೆ ಅದು ಸುಳ್ಳಾಗಬಹುದು ಎಂದು ಎರಡೇ ಸಾಲು ಬರೆಯಬೇಕಿತ್ತು. ಎರಡನೇ ಸಾಲು ಬರೆಯಲು ಮಕ್ಕಳು ತುಂಬಾ ಒದ್ದಾಡಿದರು. ಕಂಚಿಯ ಗುಂಪು ದುಡ್ಡಿಗಾಗಿ ದಾಳಿ ಎಂದು ಬರೆದಿತ್ತು. "ಪಾಠದಲ್ಲಿದೆಯಲ್ಲ, ಪಲ್ಲವರು ಬಾದಾಮಿ ಗೆದ್ದಿದ್ದರು, ಅದಕ್ಕೆ ಸೇಡು" ಎಂದ ಇನ್ನೊಂದು ಗುಂಪಿನ ಹುಡುಗ. ಪಾಠ ಬರೆದವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳುವ ಮೊದಲೇ ಒಬ್ಬಳು ಕೇಳಿಬಿಟ್ಟಳು. ಆಗ ನಾನು ಇನ್ನೊಂದು ವಿಷಯ ಹೇಳಿದೆ. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಮುಟ್ಟದೆ ಗುಡಿಗೇ ಬಿಟ್ಟ, ಅದನ್ನು ಅಲ್ಲೇ ಕನ್ನಡದಲ್ಲಿ ಬರೆಸಿದ. ದುಡ್ಡಿನ ಗುಂಪು ಸುಮ್ಮನಾಯಿತು. ಸೇಡಿನ ಗುಂಪಿಗೂ ಇದು ಸುಲಭವಾಗಿರಲಿಲ್ಲ. ಸೇಡಿಗೆ ಹೋದವನು ಸುಡದೆ ಯಾಕೆ ಬಂದ? ಮಲಗಲು ಹೇಳಿದ ಮೇಲೂ ರೂಮುಗಳಲ್ಲಿ ಇದೇ ವಾದ ನಡೆದಿತ್ತು ಎಂದು ಜೊತೆಗಿದ್ದ ತಾಯಂದಿರು ಬೆಳಿಗ್ಗೆ ಹೇಳಿದರು.

ಮರುದಿನ ಬೆಳಿಗ್ಗೆ ಬೇಗ ಗುಹೆ ಹತ್ತಿದೆವು. ಹಳೆಯ ಗುಹೆ ಯಾವುದು ಎಂದು ಹುಡುಕುವ ಗುಂಪು ರಾತ್ರಿ "ಒಂದನೇ ಗುಹೆ, ಯಾಕೆಂದರೆ ನಂಬರ್ ಒಂದು" ಎಂದು ಬರೆದಿತ್ತು. ಮೆಟ್ಟಿಲು ಹತ್ತುತ್ತಾ ಹೋದಂತೆ ಅವರಿಗೇ ಅರಿವಾಯಿತು: ನಂಬರು ಹತ್ತುವ ಕ್ರಮದಲ್ಲಿದೆ, ಕಟ್ಟಿದ ಕ್ರಮ ಅಂತ ಯಾರು ಹೇಳಿದರು? ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಶಕ 500, ಕಾರ್ತಿಕ ಹುಣ್ಣಿಮೆ. 78 ಕೂಡಿಸಿ 578 ಎಂದು ಕೂಗಿದರು. ಒಂದನೆಯದರಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನೆ, ಇಸವಿ ಇಲ್ಲ. ಹಾಗಾದರೆ ಕಂಬ, ಕೆತ್ತನೆ, ಗಾತ್ರ ಹೋಲಿಸಿ ಹೇಳಬೇಕು. ಒಂದನೇ ಗುಹೆಗೂ ಮೂರನೆಯದಕ್ಕೂ ನಡುವೆ ಆ ಗುಂಪು ಎಷ್ಟು ಸಲ ಹತ್ತಿ ಇಳಿಯಿತೋ. ಮೊದಲೇ ಮಾಡಿದ ಅದೇ ಕೆಲಸವನ್ನು ಸುಸ್ತಾಗದೆ ಮತ್ತೆ ಮಾಡುವುದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮಕ್ಕಳಿಗೆ ಮಾತ್ರ ಆಗುತ್ತದೆ.

ಕಂಚಿಯ ಗುಂಪಿಗೆ ನರಸಿಂಹವರ್ಮನ ಶಾಸನದ ವಿಷಯ ಹೇಳಿದಾಗ ಸೇಡಿನ ವಾದದ ಹುಡುಗ ಕುಣಿದ. ಆದರೆ ಅವರು ಕೊನೆಗೆ ಬರೆದ ವರದಿಯಲ್ಲಿ ಸೇಡು ಎಂಬ ಮಾತು ಒಂದೇ ಕಡೆ ಇದೆ. ಸೋತ ರಾಜಧಾನಿಯಲ್ಲಿ ಗೆದ್ದವನು ಕಲ್ಲು ಬರೆಸಿದ, ನೂರು ವರ್ಷದ ಮೇಲೆ ಚಾಲುಕ್ಯರು ಪಲ್ಲವರ ರಾಜಧಾನಿಯಲ್ಲಿ ಬರೆಸಿದರು, ಇಬ್ಬರಿಗೂ ಎದುರಾಳಿಯ ಊರಿನಲ್ಲಿ ತಮ್ಮ ಹೆಸರು ಉಳಿಯುವುದು ಬೇಕಿತ್ತು ಎಂದು ಬರೆದಿದ್ದಾರೆ. ಒಂಬತ್ತನೇ ತರಗತಿಯವರು ತಾವೇ ತಲುಪಿದ ಮಾತು ಇದು. ನಾನು ಹೇಳಿಕೊಟ್ಟದ್ದಲ್ಲ.

ಹಾಸಿಗೆಯ ಚಿಂತೆಯಿದ್ದ ಹುಡುಗ ಒಣ ಹಾಸಿಗೆಯಲ್ಲೇ ಎದ್ದ. ಒಬ್ಬಳಿಗೆ ರಾತ್ರಿ ಮನೆ ನೆನಪಾಗಿ ಅಳು ಬಂತು, ಜೊತೆಗಿದ್ದ ತಾಯಿಯೊಬ್ಬರು ಪಕ್ಕದಲ್ಲಿ ಮಲಗಿದರು.

ಇಬ್ಬರು ಹುಡುಗಿಯರ ಮನೆಯವರು ಕೊನೆವರೆಗೂ ಒಪ್ಪಲಿಲ್ಲ. ಅವರನ್ನು ಒತ್ತಾಯ ಮಾಡುವುದು ಸರಿಯಲ್ಲ, ಬಿಟ್ಟುಬಿಡುವುದೂ ಸರಿಯಲ್ಲ. ಇಬ್ಬರೂ ಗುಂಪುಗಳ ಸದಸ್ಯರಾಗಿಯೇ ಉಳಿದರು. ರಾತ್ರಿಯ ಎರಡು ಸಾಲುಗಳನ್ನು ಗೆಳತಿಯರು ಫೋನಿನಲ್ಲಿ ಓದಿ ಹೇಳಿದರು, ಅವರು ತಮ್ಮ ಆಕ್ಷೇಪಣೆ ಹೇಳಿದರು. ವಾಪಸ್ ಬಂದ ಮೇಲೆ ವರದಿ ಬರೆಯುವಾಗ ಫೋಟೊಗಳನ್ನು ಇಟ್ಟುಕೊಂಡು, ಹೋಗಿ ಬಂದವರನ್ನು ಪ್ರಶ್ನೆ ಕೇಳುವ ಕೆಲಸ ಅವರದ್ದು. ಮುಂದಿನ ವರ್ಷದ ಸಭೆಗೆ ಈ ಬಾರಿ ಜೊತೆಗೆ ಬಂದ ಇಬ್ಬರು ತಾಯಂದಿರನ್ನೇ ಮಾತಾಡಲು ಕೇಳಿದ್ದೇವೆ. ಇಬ್ಬರೂ ಒಪ್ಪಿದ್ದಾರೆ.